ಒಂದರ ಪಾಠಕ್ಕೆ ಮುಖ್ಯ ಅತಿಥಿ

ಛತ್ರಿ ಅನ್ನುವ ಮಾತಿಗೆ ಎರಡು ಅರ್ಥ. ಒಂದು, ಮಳೆಗೆ ಹಿಡಿಯುವುದು. ಇನ್ನೊಂದು, ಎದುರಿಗಿದ್ದವರಿಗೆ ಟೋಪಿ ಹಾಕುವ ಆಸಾಮಿ. ಛತ್ರಿ ರಾಯರು ಜನ್ಮದಲ್ಲಿ ಯಾರಿಗೂ ಟೋಪಿ ಹಾಕಿದವರಲ್ಲ. ಹೆಸರು ಬಂದದ್ದು ಕೆಲಸದಿಂದ. ದೊಡ್ಡ ಬಸ್ ನಿಲ್ದಾಣದ ಹಿಂಭಾಗದಲ್ಲಿ, ಟಿಕೆಟ್ ಕೌಂಟರುಗಳೆಲ್ಲ ಮುಗಿದ ಮೇಲೆ, ಶೌಚಾಲಯಕ್ಕಿಂತ ಒಂದು ಬಾಗಿಲು ಈಚೆಗೆ, 'ಕಳೆದುಹೋದ ವಸ್ತುಗಳು' ಎಂಬ ಬೋರ್ಡಿನ ಕೆಳಗೆ ಅವರು ಕೂರುತ್ತಿದ್ದರು. ಜನ ಬಸ್ಸಿನಲ್ಲಿ ಬಿಟ್ಟುಹೋಗುವುದರಲ್ಲಿ ಮುಕ್ಕಾಲು ಪಾಲು ಛತ್ರಿಗಳೇ. ಮೊಳೆಗೊಂದರಂತೆ ಗೋಡೆ ತುಂಬ ಛತ್ರಿ, ನಡುವೆ ರಾಯರು. ನೋಡಿದವರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ?

ಕಳೆದುಕೊಂಡವರು ಹುಡುಕಿಕೊಂಡು ಬರುವುದು ಅಪರೂಪ. ಬಂದವರಲ್ಲಿ ಹೆಚ್ಚಿನವರು ಕಿಟಕಿಗೆ ಮುಖ ಕೊಟ್ಟು, "ಇಲ್ಲಿ ಬಾತ್‌ರೂಮು ಎಲ್ಲಿ?" ಅಂತ ಕೇಳುವವರು. ರಾಯರು ಎದ್ದು ನಿಂತು, ಕೈ ಚಾಚಿ, ವಿವರವಾಗಿ ದಾರಿ ಹೇಳುತ್ತಿದ್ದರು. ಅವಸರದಲ್ಲಿದ್ದವರು ಅಷ್ಟು ವಿವರ ಕೇಳಲು ನಿಲ್ಲುತ್ತಿರಲಿಲ್ಲ. ಆದರೂ ಅವರು ಹೋದ ಮೇಲೂ ರಾಯರು ವಾಕ್ಯ ಪೂರ್ತಿ ಮಾಡಿಯೇ ಕೂರುತ್ತಿದ್ದರು.

ಮದುವೆ ಆಗಿರಲಿಲ್ಲ. ಬೇಡ ಅಂದವರೇನೂ ಅಲ್ಲ. ದೂರದ ಊರಿನಲ್ಲಿದ್ದ ಅಕ್ಕ ಹುಡುಕುತ್ತಲೇ ಇದ್ದಳು. ಹುಡುಕುವುದರಲ್ಲೇ ಆಕೆಗೆ ವಯಸ್ಸಾಯಿತು, ರಾಯರಿಗೂ ಆಯಿತು. ಈಗ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ, ಎರಡು ಹೆಜ್ಜೆಯ ಬಾಲ್ಕನಿ. ಮಾತು ಬರುವುದು ಬಾಲ್ಕನಿಯಿಂದ ಮಾತ್ರ. ಅದೂ ಪಕ್ಕದ ಮನೆಯ ಪುಟ್ಟಿಯ ಚೆಂಡು ಅಲ್ಲಿ ಬಿದ್ದಾಗ. ಬಾಗಿಲು ತಟ್ಟಿ, ಮನೆಯೊಳಗೆ ಹಾದು, ಚೆಂಡು ತೆಗೆದುಕೊಂಡು, ಹೋಗುವ ದಾರಿಯಲ್ಲಿ ನಾಲ್ಕು ಕಡೆ ಕಣ್ಣಾಡಿಸಿ ಹೋಗುವುದು ಅವಳ ಪದ್ಧತಿ.

ಆ ಪುಟ್ಟಿ ಒಂದು ಸಂಜೆ ಮೆಟ್ಟಿಲ ಮೇಲೆ ಅಡ್ಡ ನಿಂತಳು.

"ಮಾಮ, ಶುಕ್ರವಾರ ನೀವು ನಮ್ಮ ಸ್ಕೂಲಿಗೆ ಬರಬೇಕು. ಮಿಸ್ ಒಪ್ಪಿದಾರೆ."

"ನಾನಾ? ಯಾಕಮ್ಮ?"

"ಒಂದನೇ ಕ್ಲಾಸಿಗೆ. ನಾನು ನಿಮ್ಮ ಹೆಸರೇ ಹೇಳಿದೆ. ಒಳ್ಳೇ ಬಟ್ಟೆ ಹಾಕ್ಕೊಂಡು ಬನ್ನಿ."

ಅಷ್ಟು ಹೇಳಿ ಪುಟ್ಟಿ ಓಡಿದಳು. ರಾಯರು ಮೆಟ್ಟಿಲ ಮೇಲೇ ನಿಂತರು. ಶಾಲೆಗೆ ಬೇರೆಯವರನ್ನು ಯಾಕೆ ಕರೆಯುತ್ತಾರೆ? ಪೋಷಕರಾದರೆ ಸಭೆಗೆ. ಅಧಿಕಾರಿಯಾದರೆ ತಪಾಸಣೆಗೆ. ರಾಯರು ಇವೆರಡೂ ಅಲ್ಲ. ಕಳೆದಾಗ ಉಳಿದದ್ದು ಒಂದೇ: ಮುಖ್ಯ ಅತಿಥಿ. ಇಷ್ಟು ಶುದ್ಧವಾದ ತರ್ಕ ಅವರ ತಲೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಆದರೂ ಎದುರು ಸಿಕ್ಕ ಪುಟ್ಟಿಯ ಅಮ್ಮನನ್ನು ಕೇಳಿಯೇ ಕೇಳಿದರು. ಆಕೆ ಔಷಧಿ ಅಂಗಡಿಯಲ್ಲಿ ಇಡೀ ದಿನ ನಿಂತು ಕೆಲಸ ಮಾಡುವವಳು, ಗಂಡ ಲಾರಿ ಹತ್ತಿದರೆ ವಾರಗಟ್ಟಲೆ ಇಲ್ಲ. ಕೈಯಲ್ಲಿ ತರಕಾರಿ ಚೀಲ, ಬಾಯಲ್ಲಿ ಬೀಗದ ಕೈ. "ಹೌದಂತೆ ಅಣ್ಣ, ಮಿಸ್ ಬರಕ್ಕೆ ಹೇಳಿದಾರಂತೆ" ಅಂದಳು, ಹಲ್ಲಿನ ನಡುವಿನಿಂದ. ಇನ್ನು ಅನುಮಾನಕ್ಕೆ ಜಾಗ ಎಲ್ಲಿ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ರಾಯರು ಆಡಿದ್ದು ಒಂದೇ ಮಾತು, ಕಟ್ಟಡದ ಕಾರ್ಯದರ್ಶಿಯ ಹತ್ತಿರ. "ಶುಕ್ರವಾರ ನೀರಿನ ಟ್ಯಾಂಕು ತೊಳೆಯೋವಾಗ ನಾನಿರಲ್ಲ. ಒಂದು ಸಣ್ಣ ಕಾರ್ಯಕ್ರಮ ಇದೆ."

ಕಾರ್ಯದರ್ಶಿಗಳು ಕೆಳಮನೆಯಲ್ಲಿ ಇದ್ದುಕೊಂಡು ಮೇಲಿನ ಎಲ್ಲ ಮನೆಗಳ ಸುದ್ದಿಯನ್ನೂ ನಲ್ಲಿಯ ನೀರಿನ ಹಾಗೆ ಹಿಡಿದಿಡುವವರು. "ಏನು ಕಾರ್ಯಕ್ರಮ?"

"ಶಾಲೇಲಿ. ನಾನೇ ಅತಿಥಿ. ಬಲವಂತ ಮಾಡಿದ್ರು."

"ನೀವಾ?" ಅಂದರು ಕಾರ್ಯದರ್ಶಿಗಳು. ಆಮೇಲೆ ಆ 'ನೀವಾ' ತೀರ ಉದ್ದವಾಯಿತು ಅನ್ನಿಸಿ, "ಅಲ್ಲ, ನೀವೇ ಆಗಬೇಕು ಬಿಡಿ. ನಮ್ಮ ಕಟ್ಟಡಕ್ಕೇ ಹೆಮ್ಮೆ" ಎಂದು ಸರಿಮಾಡಿದರು. ಮರುದಿನ ಬೆಳಿಗ್ಗೆ ಸೂಚನಾ ಫಲಕದಲ್ಲಿ, ಟ್ಯಾಂಕು ತೊಳೆಯುವ ಸೂಚನೆಯ ಕೆಳಗೆ, "ನಮ್ಮ ಮೂರನೇ ಮಹಡಿಯ ಶ್ರೀಯುತರು ಶುಕ್ರವಾರ ಶಿಕ್ಷಣ ಸಮಾರಂಭದಲ್ಲಿ ಭಾಷಣ ಮಾಡಲಿದ್ದಾರೆ. ಆ ದಿನ ನೀರು ಇರುವುದಿಲ್ಲ" ಎಂದು ಬರೆದಿತ್ತು. ಎರಡಕ್ಕೂ ಸಂಬಂಧ ಇದೆಯೇ ಅಂತ ಮೊದಲ ಮಹಡಿಯವರು ವಿಚಾರಿಸಿದರಂತೆ.

ಭಾಷಣ ಎಂಬ ಮಾತು ರಾಯರಿಗೆ ತಿಳಿದದ್ದು ಆ ಫಲಕದಿಂದಲೇ. ಅಕ್ಕನಿಗೆ ಫೋನು ಮಾಡಿದರು.

"ನಿನ್ನನ್ನ ಯಾಕೋ ಕರೆದ್ರು?" ಅಂದಳು ಅಕ್ಕ.

"ಅನುಭವ ನೋಡಿ ಕರೆದಿರ್ತಾರೆ."

"ಯಾವ ಅನುಭವ? ನೀನು ಒಂದನೇ ಕ್ಲಾಸು ಎರಡು ಸಲ ಓದಿದವನು."

"ಅದೇ ಅಕ್ಕ. ಎಲ್ಲರಿಗಿಂತ ಹೆಚ್ಚು."

ಅಕ್ಕ ಆ ಮಾತನ್ನು ಅಲ್ಲಿಗೇ ಬಿಟ್ಟು, "ಕೋಟು ಹಾಕ್ಕೊ. ನಿನ್ನ ಭುಜ ಇಳಿಬಿದ್ದಿದೆ, ಕೋಟಲ್ಲಿ ಗೊತ್ತಾಗಲ್ಲ. ನಿಲ್ಲಿಸಿ ನಿಲ್ಲಿಸಿ ಮಾತಾಡು" ಅಂತ ಹೇಳಿ, ಹಾಲು ಉಕ್ಕುತ್ತಿದೆ ಎಂದು ಫೋನಿಟ್ಟಳು.

ಕೋಟು ಎಲ್ಲಿಂದ ತರುವುದು? ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಒಂದು ಬೂದು ಬಣ್ಣದ ಕೋಟು ಬಹಳ ವರ್ಷದಿಂದ ನೇತಾಡುತ್ತಿತ್ತು. ರಾಯರು ಮೇಲ್ವಿಚಾರಕರ ಮುಂದೆ ನಿಂತರು.

"ಆವತ್ತೇ ಕೋಟಿನವನು ಬಂದ್ರೆ?" ಅಂದರು ಮೇಲ್ವಿಚಾರಕರು.

"ಇಷ್ಟು ವರ್ಷ ಬಂದಿಲ್ಲ, ಸರ್."

"ಅದಕ್ಕೇ ಹೇಳೋದು, ಬಂದೇ ಬರ್ತಾನೆ. ಇರಲಿ. ಶಿಕ್ಷಣದ ವಿಷಯ. ಹಾಕ್ಕೊಂಡು ಹೋಗಿ. ಕಳ್ಕೊಂಡು ಬರಬೇಡಿ, ಮತ್ತೆ ಇಲ್ಲಿಗೇ ಬರುತ್ತೆ, ಎರಡೆರಡು ಸಲ ಬರೆದುಕೊಳ್ಳೋದು ಬೇಡ."

ಕೋಟಿನ ಯಜಮಾನ ಭಾರಿ ಆಳಿರಬೇಕು. ತೋಳು ರಾಯರ ಬೆರಳು ದಾಟಿ ಇಳಿಯಿತು. ಆ ವಾರ ಪೂರ್ತಿ ಕೆಲಸ ಬಿಟ್ಟು ಬಂದ ಮೇಲೆ ರಾಯರು ಕೋಟು ತೊಟ್ಟು, ಗೋಡೆಗೆ ಮುಖ ಮಾಡಿ ಭಾಷಣ ಅಭ್ಯಾಸ ಮಾಡಿದರು. "ಮಾನ್ಯ ಅಧ್ಯಕ್ಷರೇ, ಇಂದಿನ ಮಕ್ಕಳೇ ನಾಳಿನ ಪ್ರಜೆಗಳು..." ಅಕ್ಕ ಹೇಳಿದ ಹಾಗೆ ನಿಲ್ಲಿಸಿದರು. ಚಪ್ಪಾಳೆಗೆ ಬಿಟ್ಟ ಜಾಗ ಅದು. ಫ್ಯಾನು ತಿರುಗುತ್ತಿತ್ತು. ಸಾಕಷ್ಟು ಚಪ್ಪಾಳೆ ಆಗಿರಬಹುದು ಎನ್ನಿಸಿದ ಮೇಲೆ ಮುಂದಕ್ಕೆ ಹೋದರು.

ಶುಕ್ರವಾರ ಕಟ್ಟಡದ ಬಾಗಿಲಲ್ಲಿ ಕಾರ್ಯದರ್ಶಿಗಳು ಖಾಲಿ ಬಕೆಟ್ಟು ಹಿಡಿದು ನಿಂತು ಬೀಳ್ಕೊಟ್ಟರು. ಶಾಲೆಯ ಗೇಟಿನಲ್ಲಿ ಕಾವಲುಗಾರ ತಡೆದು, "ಎಲ್ಲಿಗೆ ಸರ್?" ಎಂದ. 'ಮುಖ್ಯ ಅತಿಥಿ' ಎಂದು ತಮ್ಮ ಬಾಯಿಂದ ತಾವೇ ಹೇಳಿಕೊಳ್ಳುವುದು ಸಭ್ಯತೆಯಲ್ಲವೆಂದು ರಾಯರು, "ಒಂದನೇ ತರಗತಿ" ಎಂದಷ್ಟೇ ಹೇಳಿದರು. ಅವನು ಇವರನ್ನು ಕೆಳಗಿನಿಂದ ಮೇಲೆ ನೋಡಿ, "ಆ ಕಡೆ ಕೊನೇ ರೂಮು" ಎಂದ.

ವೇದಿಕೆ ಇರಲಿಲ್ಲ. ಮೈಕೂ ಇರಲಿಲ್ಲ. ನೆಲದ ತುಂಬ ಮಕ್ಕಳಿದ್ದರು. ಒಂದು ಮೂಲೆಯಲ್ಲಿ ನಾಲ್ವರು ತಟ್ಟೆಯಲ್ಲಿ ಹರಡಿದ ಮರಳಿನ ಮೇಲೆ ಬೆರಳಾಡಿಸಿ 'ಅ' ಬರೆದು, ತಟ್ಟೆ ಅಲ್ಲಾಡಿಸಿ ಅಳಿಸಿ, ಮತ್ತೆ ಬರೆಯುತ್ತಿದ್ದರು. ರಾಯರ ಕಾಲದಲ್ಲಿ 'ಅ' ತಪ್ಪಿದರೆ ಅಂಗೈ ಕೆಂಪಾಗುತ್ತಿತ್ತು. ಇಲ್ಲಿ ತಟ್ಟೆ ಅಲ್ಲಾಡಿಸಿದರೆ ಸಾಕು, ತಪ್ಪು ಆಗೇ ಇಲ್ಲ. ಮಿಸ್ಸು ಇನ್ನೂ ಎಳೆ ವಯಸ್ಸಿನವರು. ಕೋಟಿನ ಒಳಗೆ ಬಂದ ರಾಯರನ್ನು ಕಂಡು ಎದ್ದು ನಿಂತರು. ಅವರಿಗೆ ಯಾರೆಂದು ಗೊತ್ತಾಗಲಿಲ್ಲ ಎಂಬುದು ರಾಯರಿಗೆ ಗೊತ್ತಾಗಲಿಲ್ಲ. ಅಲ್ಲಿದ್ದ ಒಂದೇ ಖಾಲಿ ಕುರ್ಚಿಯಲ್ಲಿ ಕೂತರು. ಅದು ಆರು ವರ್ಷದವರ ಕುರ್ಚಿ. ಮೊಣಕಾಲು ಎದೆಗೆ ಬಂತು.

"ಸರಿ ಮಕ್ಕಳೇ," ಎಂದರು ಮಿಸ್ಸು, ಆಮೇಲೆ ವಿಚಾರಿಸಿದರಾಯಿತು ಎಂದುಕೊಂಡು. "ಇವತ್ತು ಯಾವ ಪಾಠ?"

"ಒಂದು," ಎಂದಿತು ತರಗತಿ.

"ಹೋದ ವಾರ ಏನು ಹೇಳಿದ್ದೆ? ನಿಮ್ಮ ಮನೇಲಿ, ಇಲ್ಲಾ ಅಕ್ಕಪಕ್ಕ, ಒಂದೇ ಒಂದು ಇರೋದು ಏನಿದೆಯೋ ಅದನ್ನ ತನ್ನಿ ಅಂತ. ಒಬ್ಬೊಬ್ಬರೇ ತಂದು ಮೇಜಿನ ಮೇಲೆ ಇಡಿ."

ಒಬ್ಬ ಹುಡುಗ ಗಡಿಯಾರ ಇಟ್ಟ. ಇನ್ನೊಬ್ಬಳು ಡಬ್ಬಿಯಲ್ಲಿ ಆಮೆ ತಂದಿದ್ದಳು. ಅದರ ಹೆಸರು ಅಜ್ಜ. ಮೂರನೆಯವನು ಕರವಸ್ತ್ರ ಬಿಚ್ಚಿ, "ನಮ್ಮ ತಾತನ ಹಲ್ಲು ಸೆಟ್ಟು. ಒಂದೇ ಇರೋದು. ಊಟದ ಹೊತ್ತಿಗೆ ವಾಪಸ್ ಕೊಡಬೇಕು" ಎಂದ. ರಾಯರು ಕಿರುನಗೆ ನಗುತ್ತ, ಮುಖ್ಯ ಅತಿಥಿಗೆ ತಕ್ಕ ಹಾಗೆ ತಲೆದೂಗುತ್ತ ಕೂತಿದ್ದರು. ತಮ್ಮ ಭಾಷಣ ಇದಾದ ಮೇಲೆ ಇರಬೇಕು.

"ಪುಟ್ಟಿ, ನೀನೇನು ತಂದೆ? ಮಾಮ ತರ್ತೀನಿ ಅಂದಿದ್ದೆಯಲ್ಲ, ಎಲ್ಲಿ?"

ಪುಟ್ಟಿ ಎದ್ದು ಬಂದು ರಾಯರ ಕೋಟಿನ ತೋಳು ಹಿಡಿದಳು. ತೋಳಿನೊಳಗೆ ಕೈ ಸಿಗಲಿಲ್ಲ, ಹುಡುಕಿ ಹಿಡಿದುಕೊಂಡಳು.

"ಇವರೇ ಮಿಸ್. ನಮ್ಮ ಪಕ್ಕದ ಮನೆ ಮಾಮ. ನಮ್ಮನೇಲಿ ಯಾವುದೂ ಒಂದಿಲ್ಲ. ಮಾಮನ ಮನೇಲಿ ಎಲ್ಲಾ ಒಂದು. ತಟ್ಟೆ ಒಂದು. ಲೋಟ ಒಂದು. ದಿಂಬು ಒಂದು. ಹಲ್ಲುಜ್ಜೋ ಬ್ರಷ್ಷು ಒಂದು. ಕುರ್ಚಿ ಒಂದು. ಎಲ್ಲಾನೂ ತರಕ್ಕೆ ಆಗಲ್ಲ ಅಂತ ಮಾಮನ್ನ ತಂದೆ. ಮಾಮನೂ ಒಂದು."

"ಚಪ್ಪಲಿ?" ಎಂದ ಹಲ್ಲು ಸೆಟ್ಟಿನ ಹುಡುಗ.

"ಚಪ್ಪಲಿ ಎರಡು," ಪುಟ್ಟಿ ಒಪ್ಪಿಕೊಂಡಳು.

"ಹಾಗಾದ್ರೆ ತಪ್ಪು."

"ಅದು ಒಂದು ಜೊತೆ," ಎಂದರು ರಾಯರು. ಯಾಕೆ ಹೇಳಿದರೋ. ಅವಮಾನದಲ್ಲಿ ಮುಳುಗುತ್ತಿರುವ ಮನುಷ್ಯ ಎಂಥ ಹುಲ್ಲುಕಡ್ಡಿಯನ್ನಾದರೂ ಹಿಡಿಯುತ್ತಾನೆ, ಚಪ್ಪಲಿಯನ್ನೂ ಬಿಡುವುದಿಲ್ಲ.

ಮಿಸ್ಸು ಕೆಂಪಗಾಗಿ ಹತ್ತಿರ ಬಂದು ಪಿಸುಗುಟ್ಟಿದರು. "ಸರ್, ದಯವಿಟ್ಟು ಕ್ಷಮಿಸಿ. ಮಾಮ ಅಂದಾಗ ಬೊಂಬೆ ಅಂದ್ಕೊಂಡಿದ್ದೆ. ಆಮೆಗೆ ಅಜ್ಜ ಅಂತ ಹೆಸರಿಟ್ಟಿದ್ದಾರಲ್ಲ. ನೀವು ಬೇಕಾದ್ರೆ ಈಗಲೇ..."

ರಾಯರು ಎದ್ದರು. ಕುರ್ಚಿಯೂ ಸ್ವಲ್ಪ ದೂರ ಜೊತೆಗೇ ಎದ್ದಿತು. ಬಾಗಿಲ ಕಡೆ ನೋಡಿದರು. ಅದರ ಆಚೆ ಬೀದಿ, ಬೀದಿಯಾಚೆ ಬಕೆಟ್ಟು ಹಿಡಿದ ಕಾರ್ಯದರ್ಶಿಗಳು. ಈಚೆ ಇಪ್ಪತ್ತು ಮೂವತ್ತು ಮಕ್ಕಳು ಬಾಯಿ ತೆರೆದು ಇವರನ್ನೇ ನೋಡುತ್ತಿದ್ದರು. ಇಷ್ಟು ಜನ ಒಟ್ಟಿಗೆ ತಮ್ಮನ್ನು ನೋಡಿದ್ದು ಅವರಿಗೆ ನೆನಪಿರಲಿಲ್ಲ.

"ಪಾಠ ನಡೀಲಿ," ಎಂದರು.

ನಡೆಯಿತು. ಮೇಜಿನ ಪಕ್ಕ, ಆಮೆಗೂ ಹಲ್ಲು ಸೆಟ್ಟಿಗೂ ನಡುವೆ ರಾಯರನ್ನು ನಿಲ್ಲಿಸಿ, ಕೋಟಿನ ಮೇಲೆ 'ಒಂದು' ಎಂದು ಬರೆದ ಹಳದಿ ಕಾಗದ ಅಂಟಿಸಿದರು. "ಆಮೆ ಎಷ್ಟು?" "ಒಂದು." "ಮಾಮ ಎಷ್ಟು?" "ಒಂದು." ಮಿಸ್ಸಿಗೆ ಉತ್ಸಾಹ ಬಂತು. ಸೊನ್ನೆಯ ಪಾಠ ಮುಂದಿನ ವಾರ ಇತ್ತು. ಆದರೆ ತಾನಾಗಿ ನಡೆದು ಹೋಗಿ ಬರುವ ಒಂದು ಮತ್ತೆ ಸಿಗುತ್ತದೆಯೇ?

"ಮಕ್ಕಳೇ, ಒಂದರಲ್ಲಿ ಒಂದು ಕಳೆದರೆ? ಸರ್, ತಪ್ಪು ತಿಳ್ಕೋಬೇಡಿ, ಒಂದು ನಿಮಿಷ ಹೊರಗೆ ಹೋಗ್ತೀರಾ?"

ರಾಯರು ಹೊರಗೆ ಹೋದರು. ಬಾಗಿಲು ಮುಚ್ಚಿತು.

"ಈಗ ಮಾಮ ಎಷ್ಟು?"

ಒಳಗಿನಿಂದ ಪುಟ್ಟಿಯ ಧ್ವನಿ: "ಇಲ್ಲ."

"ಇಲ್ಲ ಅನ್ನೋದಕ್ಕೆ ಲೆಕ್ಕದಲ್ಲಿ ಸೊನ್ನೆ ಅಂತಾರೆ. ಹೇಳಿ."

"ಸೊನ್ನೆ," ಎಂದು ಇಡೀ ತರಗತಿ ಕೂಗಿತು. ಮಕ್ಕಳಿಗೆ ಬಲು ಇಷ್ಟವಾಯಿತು. ರಾಯರನ್ನು ಒಳಗೆ ಕರೆದರು, ಒಂದು. ಹೊರಗೆ ಕಳಿಸಿದರು, ಸೊನ್ನೆ. ಇನ್ನೊಂದು ಸಲ ಎಂದವು ಮಕ್ಕಳು. ಮತ್ತೊಂದು ಸಲ ಎಂದವು. ಹೀಗೆ ರಾಯರು ಸೊನ್ನೆಯಾಗಿದ್ದ ಹೊತ್ತಿನಲ್ಲಿ ಗಂಟೆ ಹೊಡೆಯಿತು. ಮಕ್ಕಳು ಮೈದಾನದ ಕಡೆಯ ಬಾಗಿಲಿಂದ ಹೋ ಎಂದು ಓಡಿದವು. ಹುಡುಗ ಎತ್ತಿಕೊಂಡು ಓಡಿದ ಹಲ್ಲು ಸೆಟ್ಟಿನ ಮೇಲೆ ಯಾರೋ ಬಿದ್ದರೆಂದು ಮಿಸ್ಸೂ ಹಿಂದೆ ಓಡಿದರು.

ರಾಯರು ಓಣಿಯಲ್ಲಿ ನಿಂತೇ ಇದ್ದರು. ಕರೆಯುವ ತನಕ ಒಳಗೆ ಹೋಗುವಂತಿಲ್ಲ. ಮುಗಿಯಿತು ಎಂದು ಯಾರೂ ಹೇಳಿರಲಿಲ್ಲ. ಗೋಡೆಯ ಮೇಲೆ ಮಕ್ಕಳು ಬಿಡಿಸಿದ 'ನನ್ನ ಮನೆ' ಚಿತ್ರಗಳಿದ್ದವು. ಎಲ್ಲದರಲ್ಲೂ ಮನೆಗಿಂತ ಮನೆಯವರೇ ದೊಡ್ಡವರು. ರಾಯರು ಒಂದೊಂದನ್ನೇ ನೋಡುತ್ತ ಓಣಿಯ ಕೊನೆವರೆಗೆ ಹೋಗಿ, ಮತ್ತೆ ತಮ್ಮ ಜಾಗಕ್ಕೆ ಬಂದು ನಿಂತರು. ಮುಖ್ಯೋಪಾಧ್ಯಾಯಿನಿಯವರು ಸಿಕ್ಕಿದ್ದು ಆಗ.

"ಯಾರು ನೀವು?"

ಹಠಾತ್ತನೆ ಕೇಳಿದರೆ ಯಾರಿಗಾದರೂ ಬಾಯಿಗೆ ಬರುವುದು ಸದ್ಯದ ಹುದ್ದೆಯೇ. "ಸೊನ್ನೆ, ಮೇಡಂ."

"ಏನಂದ್ರಿ?"

"ಮೊದಲು ಒಂದು ಆಗಿದ್ದೆ. ಈಗ ಸೊನ್ನೆ."

ಮುಖ್ಯೋಪಾಧ್ಯಾಯಿನಿಯವರು ಎರಡು ಹೆಜ್ಜೆ ಹಿಂದೆ ಸರಿದರು. "ಯಾವ ಮಗುವಿನ ಕಡೆಯವರು?"

"ಯಾವ ಮಗುವಿನ ಕಡೆಯವನೂ ಅಲ್ಲ," ಎಂದರು ರಾಯರು. ಸತ್ಯವನ್ನೇ ಹೇಳಿದ್ದರು. ಆದರೆ ಶಾಲೆಯ ಓಣಿಯಲ್ಲಿ, ಬೇರೆ ಯಾರದೋ ಕೋಟು ತೊಟ್ಟು, ಆ ಸತ್ಯ ಹೇಳಿದರೆ ಕಾವಲುಗಾರ ಬಾರದೆ ಇರುತ್ತಾನೆಯೇ? ಬಂದ. "ಒಂದನೇ ಕ್ಲಾಸು ಅಂತ ಹೇಳಿದ್ರು ಮೇಡಂ. ಆಗಲೇ ಅನುಮಾನ ಬಂತು, ವಯಸ್ಸು ಜಾಸ್ತಿ ಅಂತ" ಎಂದ. ಇಬ್ಬರೂ ರಾಯರನ್ನು ಕಚೇರಿಗೆ ಕರೆದೊಯ್ದು ಕೂರಿಸಿದರು. ಮಿಸ್ಸು ಏದುಸಿರು ಬಿಡುತ್ತ ಬಂದು ಎಲ್ಲವನ್ನೂ ಹೇಳುವ ತನಕ ಕಾವಲುಗಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

ಕೇಳಿ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿಯವರು ಕನ್ನಡಕ ತೆಗೆದು ಒರೆಸಿದರು. "ಭಾಷಣ ಬೇರೆ ತಯಾರಿ ಮಾಡ್ಕೊಂಡು ಬಂದಿದ್ರಾ?"

"ಸಣ್ಣದು."

ಆಕೆ ಮಿಸ್ಸಿನ ಮುಖ ನೋಡಿದರು, ರಾಯರ ಕೋಟು ನೋಡಿದರು. "ಹಾಗಾದ್ರೆ ಮಾಡಿಬಿಡಿ. ಗಂಟೆ ಹೊಡೆದ ಮೇಲೆ ಹತ್ತು ನಿಮಿಷ."

ರಾಯರು ತರಗತಿಯ ಮುಂದೆ ನಿಂತು, "ಇಂದಿನ ಮಕ್ಕಳೇ ನಾಳಿನ ಪ್ರಜೆಗಳು" ಎಂದು ಹೇಳಿ, ಅಕ್ಕನನ್ನು ನೆನೆದು ನಿಲ್ಲಿಸಿದರು.

"ನಾಳೆ ರಜ ಅಲ್ವಾ?" ಎಂದಳು ಆಮೆಯ ಹುಡುಗಿ.

ಭಾಷಣ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಮಕ್ಕಳ ಕೈಗಳು ಮೇಲೆದ್ದವು. ನಿಮ್ಮ ಕೋಟು ಯಾರದ್ದು? ಛತ್ರಿ ಕಳ್ಕೊಂಡವರು ಅಳ್ತಾರಾ? ನಿಮಗೆ ಆಮೆ ಬೇಕಾ? ರಾಯರು ಎಲ್ಲಕ್ಕೂ ಗಂಭೀರವಾಗಿ ಉತ್ತರ ಕೊಟ್ಟರು. ಕೊನೆಗೆ ಹಿಂದಿನ ಸಾಲಿನಿಂದ ಒಂದು ಸಣ್ಣ ಧ್ವನಿ ಬಂತು: "ಮಾಮ, ಕೆಟ್ಟ ಕನಸು ಬಿದ್ರೆ ಯಾರನ್ನ ಎಬ್ಬಿಸ್ತೀರಿ?"

ರಾಯರು ಯೋಚಿಸಿದರು. ಇದು ಭಾಷಣದಲ್ಲಿ ಇರಲಿಲ್ಲ.

"ಲೈಟು ಹಾಕ್ತೀನಿ," ಎಂದರು.

ಮಕ್ಕಳು ತಲೆಯಾಡಿಸಿದವು. ಅವಕ್ಕೆ ಅದು ಸರಿಯಾದ ಉತ್ತರವಾಗಿಯೇ ಕಂಡಿತು. ಮಿಸ್ಸು ಮಾತ್ರ ಕಪ್ಪುಹಲಗೆಯ ಕಡೆ ತಿರುಗಿ, ಏನೂ ಬರೆಯದೇ ಇದ್ದ ಜಾಗವನ್ನು ಒರೆಸತೊಡಗಿದರು.

ಮಧ್ಯಾಹ್ನದ ಡ್ಯೂಟಿ ಮುಗಿಸಿ ರಾಯರು ಸಂಜೆ ಮನೆಗೆ ಬಂದಾಗ ಕಾರ್ಯದರ್ಶಿಗಳು ಮೊದಲ ಮಹಡಿಯವರನ್ನೂ ಎರಡನೇ ಮಹಡಿಯವರನ್ನೂ ಮೆಟ್ಟಿಲ ಬಳಿ ಸೇರಿಸಿಕೊಂಡು ಕಾಯುತ್ತಿದ್ದರು. ರಾಯರು ದಾರಿಯುದ್ದಕ್ಕೂ ಒಂದು ಸುಳ್ಳನ್ನು ಹದ ಮಾಡಿಕೊಂಡು ಬಂದಿದ್ದರು. ಅದನ್ನು ಬಾಯಿಗೆ ತರುವಷ್ಟರಲ್ಲಿ ಪುಟ್ಟಿ ಮೇಲಿಂದ ಇಣುಕಿ ಕೂಗಿದಳು. "ಮಾಮ ಒಂದು ಆಗಿದ್ರು. ಮಿಸ್ಸೇ ಹೇಳಿದ್ರು, ಮಾಮನೇ ಎಲ್ಲಕ್ಕಿಂತ ಒಳ್ಳೇ ಒಂದು ಅಂತ."

"ನಂಬರ್ ಒನ್," ಎಂದರು ಕಾರ್ಯದರ್ಶಿಗಳು, ಸುತ್ತಲಿನವರಿಗೆ ಅರ್ಥ ಬಿಡಿಸುತ್ತ. "ನಾನು ಹೇಳಲಿಲ್ವಾ? ಕೋಟಿಗೆ ಚೀಟಿ ಬೇರೆ ಅಂಟಿಸಿದಾರೆ ನೋಡಿ."

ಚೀಟಿ ಇನ್ನೂ ಅಲ್ಲೇ ಇತ್ತು. ನಿಲ್ದಾಣದಲ್ಲೂ ಬಸ್ಸಿನಲ್ಲೂ ಅದನ್ನು ಅಂಟಿಸಿಕೊಂಡೇ ಓಡಾಡಿದ್ದರು. ಎಲ್ಲರೂ ಕೈ ಕುಲುಕಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ರಾಯರು ಒಂದು ಮಾತೂ ಸುಳ್ಳಾಡದೆ ಮರ್ಯಾದೆ ಉಳಿಸಿಕೊಂಡಿದ್ದರು. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತೆಂದು ಯಾರೋ ಕೂಗಿದರು. ಕುಲುಕಿದ ಕೈಗಳೆಲ್ಲ ಬಕೆಟ್ಟು ಹುಡುಕಿಕೊಂಡು ಹೋದವು, ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ರಾಯರು ಮೇಲೆ ಹೋಗಿ, ಕೋಟನ್ನೂ ತೆಗೆಯದೆ, ಇದ್ದ ಕುರ್ಚಿಯಲ್ಲಿ ಕೂತರು. ದೀಪ ಹಾಕುವ ಹೊತ್ತಾದರೂ ಏಳಲಿಲ್ಲ.

ಆಗ ಗೋಡೆಯಾಚೆಯಿಂದ ಧ್ವನಿ ಏರಿತು. ಮಿಸ್ಸು ಪುಟ್ಟಿಯ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿರಬೇಕು.

"ಮನುಷ್ಯರನ್ನ ಹಾಗೆ ತೋರಿಸ್ತಾರೇನೇ? ಅವರ ಮನೇಲಿ ಯಾರೂ ಇಲ್ಲ ಅಂತ ಎಲ್ಲರ ಮುಂದೆ ಹೇಳ್ತಾರಾ? ಆ ದೊಡ್ಡವರು ಏನಂದ್ಕೊಂಡಿರ್ತಾರೆ? ಇನ್ನು ಚೆಂಡು ಗಿಂಡು ಅಂತ ಆ ಕಡೆ ಹೋದ್ರೆ ನೋಡು."

ಪುಟ್ಟಿ ಅಳುವುದು ಕೇಳಿಸಿತು.

ರಾಯರು ಎದ್ದರು. ಅಷ್ಟು ವರ್ಷ ಆ ಮಹಡಿಯಲ್ಲಿದ್ದರೂ ಪಕ್ಕದ ಬಾಗಿಲನ್ನು ಅವರು ತಟ್ಟಿದವರಲ್ಲ. ಎಷ್ಟು ಜೋರಾಗಿ ತಟ್ಟಬೇಕೆಂದು ತಿಳಿಯದೆ ಮೊದಲ ಸಲ ತಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲಕ್ಕೆ ಎದುರುಮನೆಯವರೂ ಬಾಗಿಲು ತೆಗೆದರು.

"ಅಣ್ಣ, ನಾನೇ ಬಂದು ಕ್ಷಮೆ ಕೇಳೋಣ ಅಂತಿದ್ದೆ," ಎಂದಳು ಪುಟ್ಟಿಯ ಅಮ್ಮ.

"ಬೈಬೇಡಿ ಅವಳಿಗೆ," ಎಂದರು ರಾಯರು. "ಲೆಕ್ಕ ಸರಿಯಾಗೇ ಇದೆ. ಮಗು ತಪ್ಪು ಹೇಳಿಲ್ಲ."

ಏನು ಹೇಳುವುದೆಂದು ತಿಳಿಯದಾಗ ಎಲ್ಲರೂ ಕೇಳುವುದನ್ನೇ ಆಕೆ ಕೇಳಿದಳು.

"ಊಟ ಆಯ್ತಾ ಅಣ್ಣ?"

"ಆಯ್ತಮ್ಮ," ಎಂದರು ರಾಯರು, ಎಲ್ಲರೂ ಹೇಳುವ ಹಾಗೆ, ಮತ್ತು ಹೊರಟರು.

"ಇಲ್ಲಮ್ಮ, ಸುಳ್ಳು." ಪುಟ್ಟಿ ಅಮ್ಮನ ಹಿಂದಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. "ಇವತ್ತು ಮಾಮನ ಕುಕ್ಕರ್ ಕೂಗೇ ಇಲ್ಲ. ದಿನಾ ಮೂರು ಸಲ ಕೂಗತ್ತೆ. ನಾನು ಎಣಿಸ್ತೀನಿ. ಒಂದು ಎರಡು ಮೂರು ನಾನು ಅಲ್ಲೇ ಕಲಿತದ್ದು, ಸ್ಕೂಲಿಗೆ ಸೇರೋಕೆ ಮುಂಚೆನೇ."

ಪುಟ್ಟಿಯ ಅಮ್ಮ ಬಾಗಿಲಿಂದ ಸ್ವಲ್ಪ ಪಕ್ಕಕ್ಕೆ ಸರಿದಳು. ಬನ್ನಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ರಾಯರು ಹೊಸಿಲಿನ ಈಚೆ ನಿಂತೇ ಇದ್ದರು. ಒಳಗೆ ಹೋಗುತ್ತಾರೋ ಇಲ್ಲವೋ ಎಂದು ನೋಡಲು ಎದುರುಮನೆಯವರೂ ನಿಂತೇ ಇದ್ದರು.

"ಕೋಟು ಬಿಚ್ಚಿಟ್ಟು ಬರ್ತೀನಿ," ಎಂದರು ರಾಯರು. "ಅದು ಬೇರೆಯವರದು, ಚೆಲ್ಲಿಕೊಂಡ್ರೆ ಕಷ್ಟ."